ಕೊನೆಗೆ ಉಣ್ಣುತ್ತಿದ್ದವರು

ಕಾಕೂ ಅವರ ಬೆರಳ ತುದಿಗಳಲ್ಲಿ ಗೆರೆಗಳಿರಲಿಲ್ಲ. ಕಾದ ಹೆಂಚಿನಿಂದ ಜೋಳದ ರೊಟ್ಟಿಯನ್ನು ಬರಿಗೈಯಲ್ಲಿ ತೆಗೆದು ತೆಗೆದು ಅಳಿಸಿಹೋಗಿದ್ದವು. ಆಸ್ಪತ್ರೆಯಲ್ಲಿ ಬೆರಳ ಗುರುತು ಹಿಡಿಯುವ ಯಂತ್ರ ಒಪ್ಪದಿದ್ದಾಗ ನಕ್ಕರು: "ನೋಡವಾ, ನಾ ಇಲ್ಲೇ ಇಲ್ಲಂತ."

ಕೊಂಢವಾದಲ್ಲಿ ಅವರದು ಪುಟ್ಟ ಖಾನಾವಳಿ. ಕಾಲೇಜಿಗೆಂದು ಪುಣೆಗೆ ಬಂದಾಗಿನಿಂದ ನಾನು ಅಲ್ಲೇ ಉಂಡವಳು. ಕಾಕೂ ಎಂದರೆ ಮರಾಠಿಯಲ್ಲಿ ಚಿಕ್ಕಮ್ಮ; ಅವರಿಗೆ ಹತ್ತಿರದವರೆಂದರೆ ಉಣ್ಣಲು ಬರುವ ನಾವೇ. ನಾವೆಲ್ಲ ಎದ್ದ ಮೇಲೆ ಅವರು ತಾಟಿನ ಮುಂದೆ ಕೂಡುತ್ತಿದ್ದರು. ತಡವಾಗಿ ಯಾರಾದರೂ ಬಂದರೆ ಆ ತಾಟೂ ಬಂದವರಿಗೇ. "ಹಸದವರಿಗೆ ಇಲ್ಲ ಅನ್ನೂ ಬಾಯಿ ನನಗಿಲ್ಲ" ಎನ್ನುತ್ತಿದ್ದರು.

ಅವರ ಲಿವರಿನ ಬಲಭಾಗದಲ್ಲಿ ಕ್ಯಾನ್ಸರ್ ಗಡ್ಡೆ. ಆ ಭಾಗವನ್ನು ಕತ್ತರಿಸಿದರೆ ಉಳಿಯುವ ಎಡಭಾಗ ಜೀವ ಹಿಡಿಯಲು ಸಾಲದಷ್ಟು ಚಿಕ್ಕದು. ಬಲಕ್ಕೆ ರಕ್ತ ತರುವ ನಾಳವನ್ನು ಮೊದಲೇ ಮುಚ್ಚಿದರೆ ರಕ್ತವೆಲ್ಲ ಎಡಕ್ಕೆ ಹರಿದು, ಅದು ಕೆಲವು ವಾರಗಳಲ್ಲಿ ಬೆಳೆಯುತ್ತದೆ. ಆಮೇಲೆ ಆಪರೇಷನ್ ಎಂದು ಡಾಕ್ಟರರು ಮರಾಠಿಯಲ್ಲಿ ವಿವರಿಸಿದರು.

ಕಾಕೂ ನನ್ನತ್ತ ತಿರುಗಿದರು. "ಒಂದು ಕೂಸಿನ ತಾಟು ಕಸಗೊಂಡು ಇನ್ನೊಂದಕ್ಕ ಉಣ್ಣಸೂದು. ಹೌದಿಲ್ಲ?"

ಚೆನ್ನಾಗಿ ಉಣ್ಣಬೇಕು, ಹಸಿದಿರಬಾರದು ಎಂದು ಡಾಕ್ಟರರು ಹೇಳಿದ್ದಕ್ಕೂ ತಲೆಯಾಡಿಸಿದರು.

ನಾಳ ಮುಚ್ಚಿಸಿಕೊಂಡು ಬಂದ ಮೇಲೆ ಒಂದು ಸೋಮವಾರ, ರೊಟ್ಟಿ ಬಡಿಯುವ ಸದ್ದು ಥಟ್ಟನೆ ನಿಂತಿತು. ನೋಡಿದರೆ ಕಾಕೂ ಒಲೆಯ ಮೇಲೆ ವಾಲುತ್ತಿದ್ದರು. ಸೆರಗು ಹಿಡಿದು ಜಗ್ಗಿದೆ. ಅಷ್ಟರಲ್ಲಿ ಅಂಗೈ ಹೆಂಚಿಗೆ ತಾಗಿತ್ತು. ಚುರ್ ಎಂದ ಆ ಸದ್ದು ಆಫೀಸಿನಲ್ಲಿ ಕೂತಾಗಲೂ ಕೇಳಿ ಬೆಚ್ಚುತ್ತೇನೆ. ಅರೆಗಳಿಗೆ ತಡವಾಗಿದ್ದರೆ ತಾಗುತ್ತಿದ್ದುದು ಮುಖ.

ಎಚ್ಚರವಾದ ಮೇಲೆ ಒಪ್ಪಿಕೊಂಡರು: "ಎಡಕಿಂದು ಬೆಳೀಲಿ ಅಂತ ದೇವರ ಉಪಾಸ ಹಿಡದೀನಿ."

ಸ್ಕ್ಯಾನಿನಲ್ಲಿ ಎಡಭಾಗ ಸಾಕಷ್ಟು ಬೆಳೆದಿರಲಿಲ್ಲ. ಬಲಭಾಗದಿಂದ ರಕ್ತ ಹೊರಹೋಗುವ ನಾಳವನ್ನೂ ಮುಚ್ಚಿ, ಮತ್ತೆ ಕಾಯಲು ಹೇಳಿದರು ಡಾಕ್ಟರರು. ಅಂದಿನಿಂದ ರೊಟ್ಟಿ ನಾವೇ ಬಡಿದೆವು. "ಇವು ರೊಟ್ಟಿನೋ, ಮಹಾರಾಷ್ಟ್ರದ ನಕಾಶೆನೋ?" ಎಂದರು ಕಾಕೂ. ನಾವು ತಾಟು ಬೋರಲು ಹಾಕಿ ಕೂತೆವು.

"ಮೊದಲ ನೀವು ಉಣ್ಣರಿ ಕಾಕೂ."

"ಭಾಳ ಶ್ಯಾಣ್ಯಾ ಆಗೀರಿ ಎಲ್ಲಾರೂ!"

ಅವರ ಬಲಗೈಗೆ ಬ್ಯಾಂಡೇಜು. ನಾನೇ ತುತ್ತು ಮಾಡಿ ಬಾಯಿಗಿಟ್ಟೆ. ದಿನಾ ಇಟ್ಟೆ.

ಎಡಭಾಗ ಬೆಳೆಯಿತು. ಆದರೆ ಕಾಯುತ್ತ ಕಳೆದ ದಿನಗಳಲ್ಲಿ ಅದರೊಳಗೂ ಸಣ್ಣ ಗಡ್ಡೆಗಳು ಎದ್ದಿದ್ದವು. ಇನ್ನು ಆಪರೇಷನ್ ಮಾಡಿ ಉಪಯೋಗವಿಲ್ಲ ಎಂದರು ಡಾಕ್ಟರರು. ಹೊರಗೆ ಅಳುತ್ತಿದ್ದ ನನ್ನ ಬೆನ್ನು ಸವರಿ ಕಾಕೂ ಹೇಳಿದರು: "ಉಂಡದ್ದು ಆ ಗಡ್ಡಿಗೂ ಮುಟ್ಟೇದ ನೋಡು. ಅದೂ ಹಸದಿತ್ತೇನೋ."

ಮಳೆಗಾಲ ಮುಗಿಯುವ ಮೊದಲೇ ಹೋದರು.

ವರ್ಷಗಟ್ಟಲೆ ಅವರ ಕೈಯಿಂದ ಉಂಡ ನಾನು ತಿರುಗಿ ಕೊಟ್ಟದ್ದು ಆ ಕೆಲವು ತುತ್ತು. ಅವು ಯಾವುದಕ್ಕೆ ಮುಟ್ಟಿದವೋ ಎಂಬ ಯೋಚನೆ, ಊಟಕ್ಕೆ ಕೂತಾಗಲೆಲ್ಲ, ಕೈಯನ್ನು ತಾಟಿನ ಮೇಲೇ ನಿಲ್ಲಿಸಿಬಿಡುತ್ತದೆ.