ಹೊರಗಿನಿಂದ ತೆರೆಯುವ ಮುಚ್ಚಳ

ನಾನು ಮದುವೆಯಾಗಿ ನರಗುಂದಕ್ಕೆ ಬಂದಾಗ ನಮ್ಮ ಮನೆಯ ಪಡಸಾಲೆಯಲ್ಲಿ ಒಂದು ಕಬ್ಬಿಣದ ಟ್ರಂಕು ಇತ್ತು. ಅದರೊಳಗೆ ಮೊಳದುದ್ದದ ಒಂದು ಮರದ ಟ್ಯಾಂಕು. ನಮ್ಮವರು ಯುದ್ಧದ ಕಾಲದಲ್ಲಿ ಬರ್ಮಾದಲ್ಲಿ ಟ್ಯಾಂಕು ರಿಪೇರಿ ಮಾಡುವ ತುಕಡಿಯಲ್ಲಿದ್ದರು. ಹೊಸ ಜವಾನರಿಗೆ ಪಾಠ ಹೇಳಲು ಮಾಡಿಸಿದ್ದ ಮಾದರಿಯಂತೆ ಅದು. ಕ್ಯಾಂಪು ಮುಚ್ಚುವಾಗ ಒಲೆಗೆ ಹಾಕಲು ಹೊರಟಿದ್ದರಂತೆ, ಇವರು ಬೇಡಿ ತಂದಿದ್ದರು.

ಊರಿಗೆ ಬಂದ ಮೇಲೆ ಹತ್ತಿಯಿಂದ ಬೀಜ ಬಿಡಿಸುವ ಜಿನ್ನಿನಲ್ಲಿ ಎಂಜಿನ್ ನೋಡಿಕೊಳ್ಳುವ ಕೆಲಸ ಹಿಡಿದಿದ್ದರು. ಹತ್ತಿಯ ಸುಗ್ಗಿ ಮುಗಿದು ಮಳೆ ಶುರುವಾದರೆ ಜಿನ್ನಿಗೆ ಬೀಗ. ಆ ವರ್ಷ ಬಿಡುವು ಸಿಕ್ಕಿದ್ದೇ ತಡ, ಟ್ಯಾಂಕನ್ನು ಹೊರಗೆ ತೆಗೆದು ಉಳಿಯಿಂದ ಅದರ ಹೊಟ್ಟೆ ಕೊರೆಯಲು ಕುಳಿತರು.

ಅತ್ತೆ ನಕ್ಕರು. "ಕೂಸು ಹುಟ್ಟೂದಕ್ಕಿಂತ ಮೊದಲ ಆಟಗಿ ಮಾಡಾಕತ್ತಾನ ನೋಡವಾ ನಿನ್ನ ಗಂಡ."

ನಾನೂ ಹಾಗೇ ತಿಳಿದೆ. ಅವರ ಪಕ್ಕದಲ್ಲಿ ಕುಳಿತು ಕೈಜೋಡಿಸತೊಡಗಿದೆ. ಅಲುಗಾಡದ ಮರದ ಗಾಲಿಗಳನ್ನು ಕಿತ್ತು, ದಾರದ ಖಾಲಿ ಉರುಳಿಗಳನ್ನು ಕೂಡಿಸಿದರು. ಅದರ ಮೇಲೆ ಹಳೆಯ ಸೈಕಲ್ ಚೈನು. ಓಡಿಸುವುದಕ್ಕೆ ಕೆಟ್ಟ ಅಲಾರಾಂ ಗಡಿಯಾರದ ಸ್ಪ್ರಿಂಗು. ಆದರೆ ಕೀಲಿ ಕೊಟ್ಟು ನೆಲಕ್ಕಿಟ್ಟರೆ ಓಡುವ ಆಟಿಗೆ ಅವರಿಗೆ ಬೇಕಾಗಿರಲಿಲ್ಲ. ದೂರ ನಿಂತು, ನಡುವೆ ತಂತಿ ಇಲ್ಲದೆ, ವೈರ್‌ಲೆಸ್ಸಿನಿಂದ ಅದನ್ನು ನಡೆಸಬೇಕಾಗಿತ್ತು.

ಅದಕ್ಕೆಂದು ಬೆರಳುದ್ದದ ಒಂದು ಗಾಜಿನ ನಳಿಗೆ ತಂದರು. ಅದರೊಳಗೆ ಕಬ್ಬಿಣದ ಪುಡಿ ತುಂಬಬೇಕಿತ್ತು. ಮೊಳೆಗಳನ್ನು ಅರದಿಂದ ತಿಕ್ಕಿ, ಆ ಪುಡಿಯನ್ನು ತೆಳು ಮಲ್ಲು ಬಟ್ಟೆಯಲ್ಲಿ ಸೋಸಿ ಕೊಟ್ಟವಳು ನಾನೇ. ಇತ್ತ ಹಳೆಯ ಮೋಟಾರಿನ ಕಾಯಿಲಿನಿಂದ ಕಿಡಿ ಹಾರಿಸಿದರೆ ಅತ್ತ ನಳಿಗೆಯೊಳಗಿನ ಪುಡಿ ಒಂದಕ್ಕೊಂದು ಹತ್ತಿಕೊಂಡು ಕರೆಂಟು ಹಾಯಲು ಬಿಡುತ್ತದೆ, ಟ್ಯಾಂಕು ಹೊರಡುತ್ತದೆ. ಪುಡಿ ಮತ್ತೆ ಬಿಡಿಸಿಕೊಳ್ಳಬೇಕೆಂದರೆ ಯಾರಾದರೂ ನಳಿಗೆಯನ್ನು ತಟ್ಟಬೇಕು. ಅದಕ್ಕಾಗಿ ಕರೆಗಂಟೆಯೊಂದರ ಸಣ್ಣ ಸುತ್ತಿಗೆಯನ್ನು ಒಳಗೆ ಕೂಡಿಸಿದರು. ಟಾರ್ಚಿನ ಶೆಲ್ಲು ಹಾಕಿದಾಗ, ಕಿಡಿ ಹಾರಿದಾಗಲೆಲ್ಲ ಟ್ಯಾಂಕಿನ ಹೊಟ್ಟೆಯೊಳಗೆ ಟಕ್ ಎಂದು ಒಂದು ಸಪ್ಪಳ ಬರುತ್ತಿತ್ತು.

ಮೊದಲ ಸಲ ಅದು ಓಡಿದ ದಿನ ನೆನಪಿದೆ. ಅವರು ಅಡಿಗೆಮನೆಯಲ್ಲಿ ಕಾಯಿಲು ಹಿಡಿದು ಕುಳಿತಿದ್ದರು. ನಾನು ಅಂಗಳದಲ್ಲಿ ಕಾಯುತ್ತಿದ್ದೆ. ಟಕ್ ಎಂದಿತು. ಟ್ಯಾಂಕು ತುಳಸಿಕಟ್ಟೆಯ ಕಡೆ ಗರಗರ ಹೊರಟಿತು. ನಾನು ಚಪ್ಪಾಳೆ ಹೊಡೆದೆ, ಅತ್ತೆ ಹರಹರಾ ಅಂದರು. ಅವರು ಹೊರಗೆ ಬಂದು ನೋಡಿದರು. ಮುಖದ ಮೇಲೆ ನಗು ಇರಲಿಲ್ಲ.

ಮರುದಿನ ಎಲ್ಲ ಬಿಚ್ಚಿ ಹಾಕಿದ್ದರು.

"ಚಲೋ ಓಡಿತ್ತಲ್ರಿ, ಯಾಕ ಬಿಚ್ಚಿದ್ರಿ?"

"ಓಡೂದು ಮುಖ್ಯ ಅಲ್ಲ. ಮ್ಯಾಲಿನ ಮುಚ್ಚಳ ತಗೀಬೇಕು. ಹೊರಗ ನಿಂತಾಂವ ತಗೀಬೇಕು, ದೂರಿಂದ."

ಟ್ಯಾಂಕಿನ ನೆತ್ತಿಯ ಮೇಲೆ, ಜವಾನರು ಇಳಿದು ಹತ್ತುವ ಕಡೆ, ರೂಪಾಯಿಯಗಲದ ಒಂದು ಮುಚ್ಚಳ ಇತ್ತು. ಅದನ್ನು ಎಷ್ಟು ಸಲ ಮಾಡಿದರೋ. ಒಂದು ಬಿಗಿ ಆಯಿತು, ಒಂದು ಅರ್ಧಕ್ಕೇ ನಿಂತಿತು. ಅರ್ಧಕ್ಕೆ ನಿಂತದ್ದನ್ನು ಕಂಡರೆ ಮತ್ತೆ ಮೊದಲಿನಿಂದ ಬಿಚ್ಚುತ್ತಿದ್ದರು. ಒಮ್ಮೆ ಇಕ್ಕಳವನ್ನು ಬೀಸಿ ಒಗೆದರು, ಅದು ಹಿತ್ತಲ ಬಾಗಿಲಿಗೆ ಹೋಗಿ ಬಡಿಯಿತು. ಮನೆಯಲ್ಲಿ ದನಿ ಏರಿಸಿದವರಲ್ಲ ಅವರು. ಅತ್ತೆಗೂ ನನಗೂ ನಗು ನಿಂತುಹೋಯಿತು. ಕೊನೆಗೆ ದಸರೆಯ ಹೊತ್ತಿಗೆ ಆ ಮುಚ್ಚಳ ಸರಿಹೋಯಿತು. ಕಿಡಿ ಹಾರಿಸಿದರೆ ಟಕ್ ಎಂದು ಬಡಿದು, ಚಿಲಕ ಸರಿದು, ಮುಚ್ಚಳ ಪೂರ್ತಿ ತೆರೆದುಕೊಳ್ಳುತ್ತಿತ್ತು. ಒಳಗೆ ಕತ್ತಲು ಬಿಟ್ಟರೆ ಏನೂ ಇಲ್ಲ.

ಅದೇ ವಾರ ಒಂದು ಮಧ್ಯಾಹ್ನ ಅವರು ರೋಣಕ್ಕೆ ಹೋಗಿದ್ದರು. ಅತ್ತೆ ಮಲಗಿದ್ದರು. ನಾನು ಪಡಸಾಲೆಯಲ್ಲಿ ಜೋಳ ಹಸನು ಮಾಡುತ್ತಿದ್ದೆ. ಗಾಳಿ ಬಿದ್ದುಹೋಗಿತ್ತು. ಬೀದಿಯಲ್ಲಿ ನಾಯಿಯೂ ಇರಲಿಲ್ಲ. ಟ್ರಂಕಿನೊಳಗಿಂದ ಟಕ್ ಎಂದಿತು. ಇಲಿ ಇರಬೇಕೆಂದುಕೊಂಡೆ. ಸ್ವಲ್ಪ ತಡೆದು ಮತ್ತೆ ಟಕ್, ಟಕ್. ಯಾರೋ ಒಳಗೆ ಕುಳಿತು ಬೆರಳ ಗೆಣ್ಣಿನಿಂದ ಬಡಿದಂತೆ. ಕೈಯಲ್ಲಿದ್ದ ಮೊರ ಹಾಗೇ ನಿಂತಿತು. ಎದ್ದು ಹೋಗಿ ಟ್ರಂಕು ತೆರೆದೆ. ಟ್ಯಾಂಕಿನ ಮುಚ್ಚಳ ತೆರೆದುಕೊಂಡಿತ್ತು. ನಾನು ನೋಡುತ್ತಿದ್ದಂತೆಯೇ ಒಳಗಿಂದ ಇನ್ನೊಂದು ಸಲ ಬಡಿಯಿತು.

ಸಂಜೆ ಅವರು ಬಂದ ಕೂಡಲೇ ಹೇಳಿದೆ. ಹೆದರಿದ್ದಕ್ಕೆ ನಗುತ್ತಾರೆ ಅಂದುಕೊಂಡಿದ್ದೆ. ಅವರು ರುಮಾಲು ತೆಗೆಯುವುದನ್ನೂ ಮರೆತು ನಿಂತರು.

"ಹ್ಯಾಂಗ ಬಡೀತು? ಲಗೂಲಗೂನೋ, ತಡದು ತಡದೋ?"

"ಮೊದಲ ಲಗೂ ಇತ್ತು. ಆಮ್ಯಾಲ ತಡದು ತಡದು."

ಕಟ್ಟೆಯ ಮೇಲೆ ಕುಳಿತುಬಿಟ್ಟರು. ಬರ್ಮಾದಲ್ಲಿ ನಡೆದದ್ದನ್ನು ಆ ಸಂಜೆಯೇ ನನಗೆ ಹೇಳಿದ್ದು.

ತುಕಡಿಯಲ್ಲಿ ಇವರ ಜೊತೆ ಅಸೂಟಿ ಹಳ್ಳಿಯ ಒಬ್ಬ ಹುಡುಗ ಇದ್ದ. ಅಷ್ಟು ದೂರದ ದೇಶದಲ್ಲಿ ನಮ್ಮ ಕಡೆಯ ಮಾತು ಆಡುವವರು ಅವರಿಬ್ಬರೇ. ಒಂದು ದಿನ ರಿಪೇರಿಯಾದ ಟ್ಯಾಂಕನ್ನು ಆ ಹುಡುಗ ಒಬ್ಬನೇ ಒಳಗೆ ಕುಳಿತು ಹಳ್ಳ ದಾಟಿಸುತ್ತಿದ್ದ. ಇವರು ದಂಡೆಯ ಮೇಲೆ ನಿಂತು ದಾರಿ ತೋರಿಸುತ್ತಿದ್ದರು. ದಂಡೆ ಕುಸಿಯಿತು. ಟ್ಯಾಂಕು ಓರೆಯಾಗಿ ನೀರಿಗೆ ಜಾರಿತು. ಒಂದು ಮರ ಅದರ ಮೇಲೆ ಬಿದ್ದು ಮುಚ್ಚಳ ಸೊಟ್ಟಾಗಿ ಕಚ್ಚಿಕೊಂಡಿತು. ಒಳಗೆ ನೀರು ಏರುತ್ತಿತ್ತು. ಇವರು ಮೇಲೆ ಹತ್ತಿ ಕಬ್ಬಿಣದ ಸಲಾಕಿಯಿಂದ ಮೀಟಿದರು, ಕೂಗಿದರು. ಒಳಗಿನಿಂದ ಅವನು ಬಡಿಯುತ್ತಿದ್ದ.

"ಮೊದಲ ಲಗೂಲಗೂ ಬಡೀತಿದ್ದ," ಅಂದರು. "ಆಮ್ಯಾಲ ತಡದು ತಡದು. ಮಂದಿ ಬರೂದ್ರಾಗ ನಿಂತಹೋತು."

ನನಗೆ ಅಳು ಬಂತು. ಅವರು ಅಳಲಿಲ್ಲ. ಎದ್ದು ಹೋಗಿ ಟ್ಯಾಂಕನ್ನು ತಂದು ಅಂಗಳದಲ್ಲಿಟ್ಟರು. ಮೂಡಣದಲ್ಲಿ, ಗಜೇಂದ್ರಗಡದ ಗುಡ್ಡಗಳ ಮೇಲೆ, ಹಿಂಗಾರಿ ಮೋಡ ಕಟ್ಟಿತ್ತು. ಗುಡುಗು ನಮಗೆ ಕೇಳದಷ್ಟು ದೂರ. ಮಿಂಚು ಹೊಡೆದಾಗಲೆಲ್ಲ ಟ್ಯಾಂಕಿನೊಳಗೆ ಟಕ್ ಅನ್ನುತ್ತಿತ್ತು.

"ಮಿಂಚೂ ಕಿಡೀನ. ಇದಕ್ಕ ಅದು ತಿಳೀತೈತಿ. ಅಂಜಬ್ಯಾಡ," ಅಂದರು. ಆದರೆ ಕತ್ತಲಾಗಿ ಮಿಂಚು ನಿಲ್ಲುವವರೆಗೂ ಅವರು ಅದರ ಮುಂದಿನಿಂದ ಏಳಲಿಲ್ಲ. ಅತ್ತೆ ಊಟಕ್ಕೆ ಕರೆದು ಕರೆದು ಸೋತರು.

ಮಳೆಗಾಲ ಮುಗಿಯಿತು. ಶೆಲ್ಲು ತೆಗೆದಿಟ್ಟೆವು. ಚಳಿ ಬಿದ್ದು ಕುಸುಬಿ ಹೂ ಬಿಡುವ ಕಾಲ. ಒಂದು ಮುಂಜಾನೆ ನಾನು ಟ್ರಂಕಿನ ಮೇಲೆ ಹಾಸಿಗೆ ಮಡಚಿಡುತ್ತಿದ್ದೆ. ಆಕಾಶ ತೊಳೆದಿಟ್ಟ ಗಂಗಾಳದಂತಿತ್ತು. ಎಲ್ಲೂ ಮೋಡವಿಲ್ಲ. ಟಕ್.

ಅವರೂ ಅಲ್ಲೇ ಚಹಾ ಕುಡಿಯುತ್ತಿದ್ದರು, ಕೇಳಿಸಿಕೊಂಡರು. ಇಬ್ಬರೂ ಮುಖ ಮುಖ ನೋಡಿದೆವು. ಶೆಲ್ಲು ಗೋಡೆಯ ಗೂಡಿನಲ್ಲಿದ್ದವು, ನಾನು ಹೋಗಿ ಮುಟ್ಟಿ ನೋಡಿದೆ. ಹಿಂದಿನಿಂದ ಮತ್ತೆ ಬಡಿಯಿತು, ತಡೆದು ತಡೆದು.

ಅವರು ಈ ಸಲ ಮಿಂಚಿನ ಮಾತೆತ್ತಲಿಲ್ಲ. ಬಟ್ಟಲು ಕೆಳಗಿಟ್ಟು, "ನಡಿ, ಅಸೂಟಿಗೆ ಹೋಗೂಣು," ಅಂದರು.

ಸಿಕ್ಕ ಬಸ್ಸು ಹಿಡಿದು ಹೋಗಿ, ಉಳಿದ ದಾರಿ ಎರೆಹೊಲಗಳ ನಡುವೆ ಹತ್ತಿ ಹೇರುವ ಚಕ್ಕಡಿಯಲ್ಲಿ ಕುಳಿತೆವು. ಟ್ಯಾಂಕು ನನ್ನ ತೊಡೆಯ ಮೇಲೆ, ದುಪ್ಪಟಿಯಲ್ಲಿ ಸುತ್ತಿಕೊಂಡು. ಕಾಯಿಲು, ಶೆಲ್ಲು ಅವರ ಚೀಲದಲ್ಲಿ. ಮೈಯೆಲ್ಲ ಕಿವಿಯಾಗಿ ಕುಳಿತಿದ್ದೆ. ದಾರಿಯುದ್ದಕ್ಕೂ ಅದು ಸುಮ್ಮನಿತ್ತು.

ಆ ಹುಡುಗನನ್ನು ಸಾಕಿದವಳು ಅವನ ಅಕ್ಕ. ತುಂಬಿದ ಮನೆ ಆಕೆಯದು, ಸೊಸೆಯಂದಿರು, ಮೊಮ್ಮಕ್ಕಳು, ಕಟ್ಟಿದ ಎಮ್ಮೆಗಳು. ಇವರು ಯುದ್ಧದಿಂದ ಬಂದಾಗ ಒಮ್ಮೆ ಹೋಗಿ, ನಿನ್ನ ತಮ್ಮ ಗುಂಡು ತಾಗಿ ಥಟ್ಟನೆ ಹೋದ, ನೋವು ಗೊತ್ತೇ ಆಗಲಿಲ್ಲ ಎಂದು ಹೇಳಿದ್ದರಂತೆ. ಈಗ ಆಕೆ ನಮಗೆ ನೀರು ಕೊಟ್ಟು, ಎದುರಿಗೆ ಕುಳಿತು, ದುಪ್ಪಟಿಯ ಗಂಟನ್ನೇ ನೋಡಿದಳು.

"ಏನ ತಂದೀಯೋ ತಮ್ಮಾ?"

ಇವರು ಗಂಟು ಬಿಚ್ಚಿದರು. ಇದ್ದದ್ದನ್ನು ಇದ್ದ ಹಾಗೆ ಹೇಳಿದರು. ಹಳ್ಳ, ಮರ, ಮುಚ್ಚಳ, ಒಳಗಿನ ಬಡಿತ. ಸೊಸೆಯಂದಿರು ಕೆಲಸ ಬಿಟ್ಟು ಬಾಗಿಲಲ್ಲಿ ನಿಂತರು. ಆಕೆ ಕಣ್ಣು ಮುಚ್ಚದೆ ಕೇಳಿದಳು.

ಆಮೇಲೆ ಅಂದಳು: "ಗುಂಡಲ್ಲ ಅಂತ ನನಗ ಗೊತ್ತಿತ್ತು. ನಮ್ಮ ಹಗೇವಿನ ಮುಂದ ಹಾಯ್ದ್ರ ನೆಲದಾಗಿಂದ ಬಡದಂಗ ಕೇಳತಿತ್ತು. ಮನ್ಯಾಗ ಯಾರಿಗೂ ಹೇಳಿಲ್ಲ, ಹುಚ್ಚಿ ಅಂತಾರಂತ. ಕಾಳು ತಗಿಯೂ ನೆವದಿಂದ ಎಷ್ಟ ಸಲ ಕಲ್ಲ ಎತ್ತಿಸೇನಿ."

ಹಗೇವು ಅಂದರೆ ಅಂಗಳದಲ್ಲಿ ಜೋಳ ತುಂಬಿಡುವ ನೆಲದೊಳಗಿನ ಗುಂಡಿ. ಅದರ ಬಾಯಿಗೆ ಮುಚ್ಚಿದ ಚಪ್ಪಡಿ ಕಲ್ಲು ನಾವು ಕುಳಿತಲ್ಲಿಂದ ಕಾಣುತ್ತಿತ್ತು.

"ತಗದು ತೋರಸು," ಅಂದಳು ಅಕ್ಕ.

ಇವರು ಶೆಲ್ಲು ಹಾಕಿ, ಕಾಯಿಲು ಹಿಡಿದು ಅಂಗಳದ ಆ ತುದಿಗೆ ಹೋದರು. ಕಿಡಿ ಹಾರಿಸಿದರು. ಟಕ್ ಎಂದು ಬಡಿದು ಮುಚ್ಚಳ ಪೂರ್ತಿ ತೆರೆಯಿತು. ಆಕೆ ಬಗ್ಗಿ ಒಳಗೆ ಎರಡು ಬೆರಳು ಇಳಿಸಿದಳು, ಕೂಸಿನ ಬಾಯಿ ನೋಡಿದಂತೆ. ಹೊರಗೆ ತೆಗೆದ ಬೆರಳುಗಳು ಹಸಿಯಾಗಿದ್ದವು. ನಮಗೆ ಕೊಟ್ಟ ತಂಬಿಗೆಯ ನೀರೋ, ಆಕೆಯ ಬೆವರೋ, ನಾನು ಕೇಳಲಿಲ್ಲ. ಸೆರಗಿಗೆ ಒರೆಸಿಕೊಂಡು, "ಈ ಮುಚ್ಚಳ ಬಿಚ್ಚಿಬಿಡೋ ತಮ್ಮಾ. ಇನ್ನ ಮುಚ್ಚೂದು ತಗಿಯೂದು ಬ್ಯಾಡ," ಅಂದಳು.

ಇವರು ಸ್ಕ್ರೂ ಬಿಚ್ಚಿ ಮುಚ್ಚಳವನ್ನು ಆಕೆಯ ಅಂಗೈಯಲ್ಲಿಟ್ಟರು. ಆಗ ಅತ್ತರು. ಬರ್ಮಾದಿಂದ ಬಂದ ಮೇಲೆ ಅದೇ ಮೊದಲಿರಬೇಕು. ಆಕೆ ತಲೆ ನೇವರಿಸುತ್ತ ಸೊಸೆಗೆ, "ರೊಟ್ಟಿ ಬಡಿಯವಾ, ಉಂಡು ಹೋಗಲಿ," ಅಂದಳು. ಉಣ್ಣುವಾಗ ತನ್ನ ತಮ್ಮ ಬರ್ಮಾದಲ್ಲಿ ಏನು ತಿನ್ನುತ್ತಿದ್ದ, ಏನು ಹಾಡುತ್ತಿದ್ದ, ಯಾರಿಗೆ ಬಯ್ಯುತ್ತಿದ್ದ ಎಂದೆಲ್ಲ ಕೇಳಿದಳು. ಇವರು ಹೇಳಿದ ಒಂದು ಮಾತಿಗೆ ಮನೆಯವರೆಲ್ಲ ನಕ್ಕರೂ ನಕ್ಕರು. ಟ್ಯಾಂಕನ್ನು ಅಲ್ಲೇ ಬಿಟ್ಟು ಬಂದೆವು. ಹಿಂದಿರುಗುವಾಗ ಬಸ್ಸಿನಲ್ಲಿ ಅವರು ನನ್ನ ಭುಜಕ್ಕೆ ತಲೆಯಿಟ್ಟು ಮಲಗಿದರು.

ನಮ್ಮ ಮನೆಯಲ್ಲಿ ಆಮೇಲೆ ಏನೂ ಕೇಳಿಸಲಿಲ್ಲ. ಮುಂದಿನ ವರ್ಷ ಹತ್ತಿ ಮಾರಲು ಮಗನ ಜೊತೆ ನರಗುಂದಕ್ಕೆ ಬಂದ ಅಕ್ಕ, ಅಷ್ಟರಲ್ಲಿ ಹುಟ್ಟಿದ್ದ ನನ್ನ ಮಗಳನ್ನು ತೊಡೆಯ ಮೇಲೆ ಹಾಕಿಕೊಂಡು ಕುಳಿತಿದ್ದಳು. ಟ್ಯಾಂಕು ಹೇಗಿದೆ ಎಂದು ಇವರು ಕೇಳಿದರು.

"ಹುಡುಗ್ರು ಆಡತಾವು. ಒಮ್ಮೊಮ್ಮೆ ಮಧ್ಯಾಹ್ನದಾಗ ತಾನ ಹೊಂಡತೈತಿ, ಗೇಣು ಎರಡು ಗೇಣು. ಅವಕ್ಕ ಅಂಜಿಕಿಲ್ಲ. ನನ್ನ ತಮ್ಮ ಅವಕ್ಕ ಅಜ್ಜ ಆಗಬೇಕಲ್ಲ, ದಾರಿ ಬಿಡ್ರಲೇ, ಅಜ್ಜ ಹೊಂಟಾನ ಅಂತ ಬಾಜೂ ಸರೀತಾವು."

"ಯಾವ ಕಡೆ ಹೋಗತೈತಿ?" ಎಂದು ಕೇಳಿದೆ ನಾನು.

"ಹೊರಬಾಗಲದ ಕಡೆ," ಅಂದಳು ಆಕೆ, ಮಗಳ ಕೂದಲು ಸರಿಮಾಡುತ್ತ.