ಅಂಗಳದಲ್ಲಿ ಕೂತಿದ್ದ ಐವತ್ತರ ಮುದುಕ

ಮೊನ್ನೆ ಬೆಳಿಗ್ಗೆ ನಮ್ಮ ಅಂಗಳದಲ್ಲಿ ಒಬ್ಬ ಮುದುಕ ಕುರ್ಚಿ ಹಾಕಿಕೊಂಡು ಕೂತಿದ್ದ. ನನ್ನ ಹಾಗೇ ಮೀಸೆ. ನನ್ನ ಹಾಗೇ ಕನ್ನಡಕ. ತಲೆ ಮಾತ್ರ ದಿಂಬಿನ ಕವರು, ಹೊಟ್ಟೆಯೊಳಗೆ ಬರೀ ಹುಲ್ಲು. (ಹೊಟ್ಟೆಯ ಅಳತೆಯೂ ನಿಮ್ಮದೇ ಅಂತ ಹೆಂಡತಿ ಸುಧಾ ಆಮೇಲೆ ಹೇಳಿದಳು.)

ಅವನನ್ನು ಮೊದಲು ನೋಡಿದ್ದು ಅವ್ವ. ಧಾರವಾಡದಿಂದ ನಮ್ಮಲ್ಲಿಗೆ ಬಂದು ಇನ್ನೂ ಎರಡೇ ವಾರವಾಗಿತ್ತು. ಬಾಗಿಲಲ್ಲಿ ರಂಗೋಲಿ ಹಾಕಲು ಹೋದವಳು ಹಾಗೇ ತಿರುಗಿ ಬಂದು ನನ್ನ ಹೊದಿಕೆ ಎಳೆದಳು.

“ಏಳೋ. ಯಾರೋ ನಿನಗ ಮಾಟಾ ಮಾಡ್ಸ್ಯಾರ.”

ನಾನು ಕನ್ನಡಕ ಹುಡುಕಿಕೊಂಡು ಹೊರಗೆ ಬರುವಷ್ಟರಲ್ಲಿ ಅವ್ವ ಮುದುಕನಿಗೆ ಉಪ್ಪು ಮೆಣಸಿನಕಾಯಿ ನಿವಾಳಿಸಿಯಾಗಿತ್ತು. ಲಿಂಬೆಹಣ್ಣು ಹೆಚ್ಚಿ, ಕುಂಕುಮ ಹಚ್ಚಿ, ಅವನ ಒಂದೊಂದು ಬೂಟಿನ ಪಕ್ಕಕ್ಕೆ ಒಂದೊಂದು ಹೋಳು ಇಟ್ಟಾಗಿತ್ತು. ಬೇಲಿಯ ಆಚೆ ಪಕ್ಕದ ಮನೆಯ ರೀತ್ ಕಾಫಿ ಕಪ್ ಹಿಡಿದು ನಿಂತು ಎಲ್ಲವನ್ನೂ ನೋಡುತ್ತಿದ್ದರು.

“ಇದು ನಿಮ್ಮ ಕಡೆಯ ಪದ್ಧತಿಯಾ? ತುಂಬಾ ಚೆನ್ನಾಗಿದೆ,” ಎಂದು ಡಚ್ಚಿನಲ್ಲಿ ಹೇಳಿ, ಲಿಂಬೆಹಣ್ಣಿನ ಫೋಟೋ ತೆಗೆದುಕೊಂಡರು.

ಆಗ ನನಗೆ ಮುದುಕನ ಕೊರಳಲ್ಲಿದ್ದ ಬೋರ್ಡು ಕಂಡಿತು. ದೊಡ್ಡದಾಗಿ ಐವತ್ತು ಅಂತ ಬರೆದು, ಕೆಳಗೆ ನನ್ನ ಹೆಸರು.

ನೆದರ್‌ಲ್ಯಾಂಡ್ಸಿನ ಹಳ್ಳಿಯಲ್ಲಿ ಇದ್ದವರಲ್ಲದಿದ್ದರೆ ನಿಮಗೆ ಇದನ್ನು ಬಿಡಿಸಿ ಹೇಳಬೇಕು. ಇಲ್ಲಿ ಗಂಡಸಿಗೆ ಐವತ್ತು ತುಂಬಿದರೆ ‘ಆಬ್ರಹಾಮನನ್ನು ಕಂಡ’ ಅನ್ನುತ್ತಾರೆ. ಬೈಬಲಿನಲ್ಲಿ ಬರುವ ಆ ಹಿರಿಯ. ಅವನ ಹೆಸರಲ್ಲಿ ಒಂದು ಹುಲ್ಲಿನ ಬೊಂಬೆ ಮಾಡಿ, ಅಕ್ಕಪಕ್ಕದವರು ಸದ್ದಿಲ್ಲದೆ ಬಂದು ಅಂಗಳದಲ್ಲಿ ಕೂರಿಸಿ ಹೋಗುತ್ತಾರೆ. ವಯಸ್ಸು ಮುಚ್ಚಿಡುವ ಮಾತೇ ಇಲ್ಲ. ಬೇರೆಯವರ ಅಂಗಳದಲ್ಲಿ ಇಂಥ ಮುದುಕರನ್ನು ಎಷ್ಟೋ ನೋಡಿದ್ದೆ. ನಮ್ಮ ಮನೆಗೂ ಒಬ್ಬ ಬರುತ್ತಾನೆ ಅಂತ ಅಂದುಕೊಂಡಿರಲಿಲ್ಲ.

ಯಾಕೆ ಅಂದರೆ, ಈ ಹಳ್ಳಿಗೆ ಬಂದು ಆರು ವರ್ಷವಾದರೂ ನಾವು ಈ ಊರಿನವರೋ ಅಲ್ಲವೋ ಅನ್ನುವುದು ನನಗಿನ್ನೂ ಗೊತ್ತಾಗಿರಲಿಲ್ಲ.

ನೂರ್ಡ್‌ವೈಕಿನ ನನ್ನ ಆಫೀಸಿನಿಂದ ಸೈಕಲ್ ತುಳಿದು ಬರಬಹುದಾದ ದೂರ. ಒಂದು ಚರ್ಚು, ಒಂದು ಬೇಕರಿ, ಒಂದು ಬಸ್‌ಸ್ಟಾಪು, ಸುತ್ತ ಹೂವಿನ ಹೊಲ. ವೂರ್‌ಬರ್ಗಿನ ಕನ್ನಡದ ಗೆಳೆಯರು ಏಪ್ರಿಲ್‌ನಲ್ಲಿ ಬಂದು, ಟುಲಿಪ್ ಜೊತೆ ಫೋಟೋ ತೆಗೆಸಿಕೊಂಡು, “ಸ್ವರ್ಗದಲ್ಲಿದೀಯ ಕಣೋ” ಎಂದು ಹೇಳಿ ಹೋಗುತ್ತಾರೆ. ಅವರು ಹೋದ ಮೇಲೆ ಮಷಿನ್ ಬಂದು ಹೂವುಗಳ ತಲೆ ಕತ್ತರಿಸಿ ಹಾಕುತ್ತದೆ. ಇಲ್ಲಿನ ಬೆಳೆ ಹೂವಲ್ಲ, ಮಣ್ಣೊಳಗಿನ ಗೆಡ್ಡೆ. ನವೆಂಬರಿನ ಗಾಳಿಯಲ್ಲಿ ನಮ್ಮ ಸ್ವರ್ಗವನ್ನು ನೋಡಲು ಇದುವರೆಗೆ ಯಾರೂ ಬಂದಿಲ್ಲ.

ಊರಿನಲ್ಲಿ ಯಾರೂ ಕಿಟಕಿಗೆ ಪರದೆ ಎಳೆಯುವುದಿಲ್ಲ. ಯಾರ ಮನೆಯಲ್ಲಿ ಯಾರು ಏನು ಓದುತ್ತಾ ಕೂತಿದ್ದಾರೆ ಅನ್ನುವುದು ರಸ್ತೆಯಿಂದಲೇ ಕಾಣುತ್ತದೆ. ಒಳಗೆ ಹೋಗಬೇಕಾದರೆ ಮಾತ್ರ ಅಪಾಯಿಂಟ್‌ಮೆಂಟ್ ಬೇಕು. ರೀತ್ ಮತ್ತು ಅವರ ಗಂಡ ಹೆಂಕ್ ಒಳ್ಳೆಯ ಜನ. ನಾವು ತಪ್ಪು ದಿನ ಕಸದ ಡಬ್ಬಿ ಹೊರಗಿಟ್ಟರೆ ಬೆಲ್ ಮಾಡಿ ಹೇಳುತ್ತಾರೆ. ನಾವು ಧಾರವಾಡಕ್ಕೆ ಹೋದಾಗ ಕರಿಬೇವಿನ ಕುಂಡವನ್ನು ತಮ್ಮ ಮನೆಯೊಳಗಿಟ್ಟು ಸಾಕುತ್ತಾರೆ. ಆದರೆ ಕಾಫಿಗೆ ಕರೆಯಬೇಕೆಂದರೆ ಡೈರಿ ತೆಗೆದು, ಮುಂದಿನ ವಾರದ ಮುಂದಿನ ಬುಧವಾರ ಹತ್ತೂವರೆ ಅನ್ನುತ್ತಾರೆ. ಹಾಗಂತ ಅದು ಪ್ರೀತಿಯಲ್ಲ ಅನ್ನಲಾದೀತೆ?

ಅಂಥದೊಂದು ಬುಧವಾರ ರೀತ್ ನನ್ನ ಹುಟ್ಟುಹಬ್ಬ ಯಾವಾಗ ಅಂತ ಕೇಳಿದ್ದರು. ಜೂನ್ ಒಂದು ಅಂದೆ. ಇಸವಿಯನ್ನೂ ಕೇಳಿ, ಟಾಯ್ಲೆಟ್ಟಿನ ಗೋಡೆಗೆ ಹಾಕಿದ ಬರ್ತ್‌ಡೇ ಕ್ಯಾಲೆಂಡರಿನಲ್ಲಿ ಬರೆದುಕೊಂಡರು. (ಈ ದೇಶದಲ್ಲಿ ಅದರ ಜಾಗ ಅಲ್ಲೇ. ಕೂತಾಗ ಎದುರಿಗೇ ಇರುತ್ತದೆ, ಯಾರ ಹುಟ್ಟುಹಬ್ಬವೂ ಮರೆಯುವುದಿಲ್ಲ.)

ತೊಂದರೆ ಇಷ್ಟೇ. ನಾನು ಜೂನ್ ಒಂದರಂದು ಹುಟ್ಟಿದವನಲ್ಲ.

ಇದನ್ನು ನಿಮಗೆ ಬಿಡಿಸಿ ಹೇಳಬೇಕಾಗಿಲ್ಲ. ನಮ್ಮ ತಲೆಮಾರಿನ ಅರ್ಧ ಕರ್ನಾಟಕ ಜೂನ್ ಒಂದರಂದೇ ಹುಟ್ಟಿದೆ. ಒಂದನೇ ಇಯತ್ತೆಗೆ ಸೇರಿಸಲು ವಯಸ್ಸು ಸಾಲದಿದ್ದಾಗ, ಹೆಡ್ ಮಾಸ್ತರರು ಪೆನ್ನೆತ್ತಿ ನನ್ನನ್ನು ಎರಡು ತಿಂಗಳು ಮುಂಚೆಯೇ ಹುಟ್ಟಿಸಿದರು. ಅದೇ ತಾರೀಖು ಎಸ್ಸೆಸ್ಸೆಲ್ಸಿಗೆ ಬಂತು, ಪಾಸ್‌ಪೋರ್ಟಿಗೆ ಬಂತು, ವಿಮಾನ ಹತ್ತಿ ಈ ಊರಿನ ಟಾಯ್ಲೆಟ್ಟಿಗೂ ಬಂತು. ನಿಜವಾಗಿ ನಾನು ಹುಟ್ಟಿದ್ದು ನಾಗರ ಪಂಚಮಿಯ ಮರುದಿನ.

“ಇವತ್ತ ಎಲ್ಲಿ ಹುಟ್ಟೀಯೋ ನೀನು?” ಮಾಟ ಅಲ್ಲ, ಹುಟ್ಟುಹಬ್ಬ ಅಂತ ತಿಳಿದ ಮೇಲೆ ಅವ್ವನ ಸಿಟ್ಟು ಇನ್ನೂ ಏರಿತು. “ಹಡದಾಕಿ ನಾನು. ನನಗ ಗೊತ್ತಿಲ್ಲೇನು? ಪಂಚಮಿ ಉಂಡಿ ಇನ್ನಾ ಕಟ್ಟಿಲ್ಲ, ಇವರು ಬಂದು ಮುದುಕನ್ನ ಕೂಡ್ಸ್ಯಾರ!”

ಪಂಚಮಿ ಅಂದರೆ ಅವ್ವನಿಗೆ ಪ್ರಾಣ. ಬಂದ ದಿನದಿಂದ ಅವಳದು ಒಂದೇ ಮಾತು: ಪಂಚಮಿಗೆ ನಾ ಊರಾಗ ಇರಬೇಕು. ಟಿಕೆಟ್ಟನ್ನೂ ಹಾಗೇ ಮಾಡಿಸಿದ್ದೆವು.

“ನಿನಗ ಮೊದಲ ಗೊತ್ತಿತ್ತೇನು?” ಎಂದು ಸೊಸೆಯನ್ನು ಕೇಳಿದಳು.

“ಅತ್ತೆ, ರೀತ್ ಬಂದು ಅಷ್ಟು ಖುಷಿಯಾಗಿ ಇವರ ಹಳೇ ಅಂಗಿ ಕೇಳಿದ್ರು. ಬೇಡ ಅನ್ನೋಕಾಗಲಿಲ್ಲ,” ಎಂದಳು ಸುಧಾ. “ಸಂಜೆ ಎಲ್ಲರೂ ಬರ್ತಾರೆ.”

“ಬರ್ಲಿ. ಸುಳ್ಳ ಹುಟ್ಟಿದಹಬ್ಬಕ್ಕ ಮಂದಿ ಕಡೆ ಉಡುಗೊರೆ ತಗೋಬಾರ್ದು. ನಾ ಹೇಳಾಕಿನ. ಅನನ್ಯಾ ಅವರ ಮಾತಿನ್ಯಾಗ ಹೇಳ್ತಾಳ.”

ಮಗಳು ಅನನ್ಯಾ ಇಲ್ಲೇ ಬೆಳೆದವಳು. ಡಚ್ಚು ನೀರು ಕುಡಿದ ಹಾಗೆ. “ಓಕೆ ಅಜ್ಜಿ,” ಎಂದಳು, ಬಹಳ ಉತ್ಸಾಹದಿಂದ.

ನನಗೆ ತಿಂಡಿ ಸೇರಲಿಲ್ಲ. ಆರು ವರ್ಷಕ್ಕೆ ಮೊದಲ ಸಲ ಊರಿಗೆ ಊರೇ ನಮ್ಮ ಮನೆಗೆ ಬರುತ್ತಿದೆ. ರೈಲು ನಾಲ್ಕು ನಿಮಿಷ ತಡವಾದರೆ ಮೈಕಿನಲ್ಲಿ ಕ್ಷಮೆ ಕೇಳುವ ದೇಶ ಇದು. ಇಲ್ಲಿ ಎದ್ದು ನಿಂತು, ನಾನು ಪಾಸ್‌ಪೋರ್ಟಿನಲ್ಲಿ ಎರಡು ತಿಂಗಳು ಬೇಗ ಹುಟ್ಟಿದ್ದೇನೆ ಅಂದರೆ ಏನಂದುಕೊಳ್ಳುತ್ತಾರೆ? ಇವನದು ಇನ್ನೂ ಏನೇನು ಸುಳ್ಳೋ ಅಂತ ಅನ್ನುವುದಿಲ್ಲವೆ? ಬೊಂಬೆಯನ್ನು ಎತ್ತಿಕೊಂಡು ಹೋಗಿಬಿಟ್ಟರೆ? ಬೆಳಿಗ್ಗೆ ನೋಡಿ ಬೆಚ್ಚಿಬಿದ್ದಿದ್ದ ಆ ಮುದುಕನನ್ನು ಬಿಟ್ಟುಕೊಡಲು ಮಧ್ಯಾಹ್ನದ ಹೊತ್ತಿಗೆ ನನಗೆ ಮನಸ್ಸೇ ಇರಲಿಲ್ಲ.

ಸಂಜೆ ಏಳಕ್ಕೆ ಬರುತ್ತೇವೆ ಅಂದವರು ಏಳಕ್ಕೇ ಬಂದರು. ಹೊರಗೆ ಇನ್ನೂ ಮಧ್ಯಾಹ್ನದಂಥ ಬಿಸಿಲು. ನಡುಮನೆಯಲ್ಲಿ ಕುರ್ಚಿಗಳನ್ನು ದುಂಡಗೆ ಹಾಕಿದ್ದೆವು (ಅದೂ ಇಲ್ಲಿನ ಪದ್ಧತಿ). ಅವ್ವ ಇಳಕಲ್ ಸೀರೆ ಉಟ್ಟು ಬಾಗಿಲಿಗೆ ಹತ್ತಿರದ ಕುರ್ಚಿಯಲ್ಲೇ ಕೂತಿದ್ದಳು. ಪಕ್ಕದಲ್ಲಿ ಅನನ್ಯಾ.

ರೀತ್ ಒಳಗೆ ಬಂದವರು ನನ್ನ ಕಡೆ ತಿರುಗಲೇ ಇಲ್ಲ. ಮೊದಲು ಅವ್ವನ ಎರಡೂ ಕೈ ಹಿಡಿದುಕೊಂಡು ಏನೋ ಹೇಳಿದರು.

“ಏನಂತಾಳ?” ಅವ್ವ ಮೊಮ್ಮಗಳನ್ನು ಕೇಳಿದಳು.

“ನಿಮಗೆ ಕಂಗ್ರಾಟ್ಸ್ ಹೇಳ್ತಿದಾರೆ ಅಜ್ಜಿ.”

“ನನಗ್ಯಾಕ?”

“ಪಪ್ಪನ್ನ ಹೆತ್ತಿದ್ದಕ್ಕೆ. ಇಲ್ಲಿ ಎಲ್ಲರಿಗೂ ಹೇಳ್ತಾರೆ, ಅಮ್ಮಂಗೆ ಫಸ್ಟು.”

ಅವ್ವ ಬಾಯಿ ತೆರೆದವಳು ಮುಚ್ಚಿದಳು. ರೀತ್ ಹಿಂದೆ ಹೆಂಕ್. ಹೆಂಕ್ ಹಿಂದೆ ಬೇಕರಿಯವರು, ಅವರ ಹಿಂದೆ ಎದುರು ಮನೆಯವರು. ಒಬ್ಬೊಬ್ಬರೂ ಬಗ್ಗಿ ಅವಳ ಕೈ ಕುಲುಕಿ, ನಿಮ್ಮ ಮಗನಿಗಾಗಿ ಅಭಿನಂದನೆ ಎಂದರು. ಅವ್ವ ಒಮ್ಮೆ ಸೆರಗು ಸರಿಮಾಡಿಕೊಂಡಳು. ಆಮೇಲೆ ಕೇಳುವುದಕ್ಕೆ ಮೊದಲೇ ಕೈ ಮುಂದೆ ಮಾಡತೊಡಗಿದಳು.

ಎಲ್ಲರೂ ಕೂತ ಮೇಲೆ ರೀತ್ ಅವ್ವನನ್ನು ಕೇಳಿದರು, ಹೆರಿಗೆ ಕಷ್ಟವಾಗಿತ್ತಾ?

ಅವ್ವ ಶುರು ಮಾಡಿದಳು. ಎರಡು ದಿನ ನೋವು ತಿಂದದ್ದು, ಸೂಲಗಿತ್ತಿ ಕೈ ಬಿಟ್ಟದ್ದು, ಹೊರಗೆ ಜಿಟಿಜಿಟಿ ಮಳೆ, ಹುಣಸೆ ಮರಕ್ಕೆ ಕಟ್ಟಿದ ಹಬ್ಬದ ಜೋಕಾಲಿಯಲ್ಲಿ ಓಣಿಯ ಹುಡುಗಿಯರು ಹಾಡುತ್ತಿದ್ದದ್ದು. ಅನನ್ಯಾ ಒಂದನ್ನೂ ಬಿಡದೆ ಡಚ್ಚಿಗೆ ಹಾಕಿದಳು. ನಾನೇ ಇದನ್ನೆಲ್ಲ ಮೊದಲ ಸಲ ಕೇಳುತ್ತಿದ್ದೆ.

“ಜೂನ್ ಒಂದಕ್ಕೆ ನಿಮ್ಮಲ್ಲಿ ಯಾವ ಹಬ್ಬ?” ಎಂದರು ಹೆಂಕ್. ರೈತ. ಋತುಮಾನದ ವಿಷಯದಲ್ಲಿ ಅವರು ಏನನ್ನೂ ಬಿಡುವುದಿಲ್ಲ.

ಅನನ್ಯಾ ಪ್ರಶ್ನೆಯನ್ನು ಕನ್ನಡಕ್ಕೆ ಹಾಕಿದಳು. ನಾನು ಕೇಕಿನ ತಟ್ಟೆ ಹಿಡಿದು ಹಾಗೇ ನಿಂತೆ. ಅವ್ವ ನನ್ನ ಮುಖ ನೋಡಿದಳು. ದುಂಡಗೆ ಕೂತವರನ್ನೆಲ್ಲ ಒಂದು ಸುತ್ತು ನೋಡಿದಳು.

“ನಮ್ಮಲ್ಲಿ ದಿನಾ ಹಬ್ಬ ಅಂತ ಹೇಳವಾ,” ಎಂದಳು.

ಎಲ್ಲರೂ ನಕ್ಕರು. ನಾನು ಕೇಕ್ ತಿಂದೆ. ಬಂದವರು ಹೋಗುವಾಗಲೂ ಅವ್ವನ ಕೈ ಕುಲುಕಿಯೇ ಹೋದರು.

ನಾನು ಕುರ್ಚಿಗಳನ್ನು ಎತ್ತಿಡುವಾಗ ಅವ್ವ ಕಿಟಕಿಯ ಹತ್ತಿರ ನಿಂತು ಅಂಗಳದ ಮುದುಕನನ್ನು ನೋಡುತ್ತಿದ್ದಳು.

“ನೀ ಹುಟ್ಟಿದಾಗ ಓಣಿ ತುಂಬ ಪೇಢಾ ಹಂಚಿದ್ರು,” ಎಂದಳು. “ಎಲ್ಲಾರೂ ನಿಮ್ಮಪ್ಪನ ಕೈ ಕುಲುಕಿ ಹೋದ್ರು. ನಾ ಒಳಗ ಮಲಗಿದ್ದೆ. ಒಬ್ರೂ ನನ್ನ ಹಂತ್ಯಾಕ ಬಂದು ಹಿಂಗ ಅನ್ಲಿಲ್ಲ ನೋಡು.”

ನಾನು ಕೈಯಲ್ಲಿದ್ದ ಕುರ್ಚಿ ಕೆಳಗಿಟ್ಟು ಅವಳ ಪಕ್ಕಕ್ಕೆ ಹೋದೆ.

“ನನ್ನ ಟಿಕೀಟು ಮುಂದ ಹಾಕಾಕ ಬರ್ತದೇನು ಕೇಳು.”

“ಪಂಚಮಿಗೆ ಊರಾಗ ಇರಬೇಕು ಅಂತಿದ್ದಿ?”

“ಇಲ್ಲೀ ಮಂದಿಗೆ ಎಲ್ಲಾ ಮುಂಚೇನ ಹೇಳ್ಬೇಕು ಅಂತೀಯಲ್ಲ, ಆ ರೀತ್‌ಗ ನಾಳೇನ ಹೇಳಿಡು. ಇವತ್ತ ಬಂದಿದ್ದು ಹೆಡ್ ಮಾಸ್ತರ ಬರದ ತಾರೀಖಿಗೆ ಆತು, ಹಡದಾಕಿಗೆ ಅಂತ ಶ್ರಾವಣದಾಗ ಇನ್ನೊಮ್ಮೆ ಬರ್ರಿ ಅಂತ.”