ಮೊದಲು ಬಂದ ಮಾತು

ಆ ಬಿಯರ್ ಕೆಟ್ಟಿರಲಿಲ್ಲ, ಗೌತಮಿ. ಒದ್ದೆ ರಟ್ಟಿನ ವಾಸನೆ ಬರುತ್ತಿದೆ ಎಂದು ನಾನು ಹೇಳಿದ್ದು ಸುಳ್ಳು. ಆ ಸುಳ್ಳನ್ನು ನಂಬಿ ನೀನು ಹದಿನಾಲ್ಕು ಬಾಟಲಿ ತಾರಸಿಯ ಮೋರಿಗೆ ಸುರಿದೆ — ನಾವು ಮಾಡಿದ್ದರಲ್ಲೆಲ್ಲ ಅದೇ ಒಳ್ಳೆಯದಾಗಿತ್ತು. ಒಳ್ಳೆಯದು ಎಂದರೆ... ಇರಲಿ, ಆ ಮಾತಿಗೆ ಕೊನೆಯಲ್ಲಿ ಬರುತ್ತೇನೆ. ಈಗಲೇ ಹೇಳಿಬಿಟ್ಟರೆ ಉಳಿದದ್ದನ್ನು ಬರೆಯುವ ಧೈರ್ಯ ಇರುವುದಿಲ್ಲ.

ನಿನಗೆ ಗೊತ್ತಿರುವುದನ್ನೇ ಮೊದಲಿನಿಂದ ಬರೆಯುತ್ತಿದ್ದೇನೆ, ಬೇಸರಪಡಬೇಡ. ಹಾಗೆ ಬರೆಯದಿದ್ದರೆ ನಾನು ಹಾಳುಮಾಡಿದ್ದು ಏನು ಎನ್ನುವುದು ನನಗೇ ಪೂರ್ತಿ ಕಾಣುವುದಿಲ್ಲ. ಬೆನ್ಸನ್ ಟೌನಿನ ಶಾಲೆಯಲ್ಲಿ ನೀನು ಕೆಮಿಸ್ಟ್ರಿ, ನಾನು ಕನ್ನಡ. ಒಂದೇ ಸ್ಟಾಫ್ ರೂಮಿನಲ್ಲಿ ಆರು ವರ್ಷ ಕೂತಿದ್ದರೂ 'ಗುಡ್ ಮಾರ್ನಿಂಗ್ ಮಿಸ್' ದಾಟಿ ಮಾತಾಡಿದವರಲ್ಲ. ಕೊರೊನಾ ಮುಗಿದು ಶಾಲೆ ತೆರೆದ ಮೇಲೆ ಒಂದು ದಿನ ಅಲ್ಲಿನ ಸ್ಟೌವಿನ ಮೇಲೆ ಹಾಲು ತಳ ಹಿಡಿಯಿತು. ಸೀದ ವಾಸನೆ ಕಾರಿಡಾರಿನವರೆಗೂ ಬರುತ್ತಿತ್ತು, ನೀನು ಮಾತ್ರ ಅದಕ್ಕೆ ಬೆನ್ನು ಹಾಕಿ ಕೂತು ಉತ್ತರಪತ್ರಿಕೆ ತಿದ್ದುತ್ತಿದ್ದೆ. ನಾನು ಓಡಿಬಂದು ರೇಗಿದೆ. "ಜ್ವರ ಬಂದಾಗಿಂದ ನಂಗೆ ವಾಸನೆ ಗೊತ್ತಾಗಲ್ಲ ಮಿಸ್," ಎಂದೆ ನೀನು, ಬೇರೆ ಯಾರದೋ ಸುದ್ದಿ ಹೇಳುವವಳಂತೆ. ಮಾರನೇ ವಾರ ನೀನೇ ಬಂದು ಕೇಳಿದೆ: "ನಂಗೊಂದು ಮೂಗು ಬೇಕು. ಶನಿವಾರ ಮಧ್ಯಾಹ್ನ ಬಿಡುವಿದೆಯಾ ನಿಮ್ಗೆ?"

ನೀನು ಮನೆಯಲ್ಲಿ ಬಿಯರ್ ಮಾಡುತ್ತೀಯ ಎಂದು ಆಗಲೇ ನನಗೆ ಗೊತ್ತಾದದ್ದು. ನನಗೋ ನಲವತ್ತೆರಡು, ಬಿಯರನ್ನು ಬಾಯಿಗಿಟ್ಟವಳೇ ಅಲ್ಲ. ಕೆ.ಆರ್. ಪುರದ ನಮ್ಮ ಮನೆಯಲ್ಲಿ ಅತ್ತೆಗೆ ಏಲಕ್ಕಿ ಅಗಿದು ಬಂದರೂ ಅನುಮಾನ — ಏನನ್ನು ಮುಚ್ಚಿಡೋಕೆ ಅಗಿದಿದ್ದು ಅಂತ! ಶನಿವಾರ ಸ್ಪೆಷಲ್ ಕ್ಲಾಸ್ ಇದೆ ಎಂದು ಹೇಳಿ ಹೊರಟೆ. ಸುಳ್ಳು ಹೇಳುವುದು ನನಗೆ ಅಲ್ಲಿಂದಲೇ ರೂಢಿಯಾಯಿತೋ ಏನೋ.

ಇಂದಿರಾನಗರದಲ್ಲಿ ಮೂರನೇ ಮಹಡಿಯ ಆ ಪಬ್ಬು ನೆನಪಿದೆಯಲ್ಲ? ಮಧ್ಯಾಹ್ನ ಮೂರಕ್ಕೆ ಅಲ್ಲಿ ನಾವಿಬ್ಬರೇ, ಕಾಟನ್ ಸೀರೆಯ ಇಬ್ಬರು ಮಿಸ್‌ಗಳು. ಮರದ ಹಲಗೆಯಲ್ಲಿ ಆರು ಪುಟ್ಟ ಗ್ಲಾಸು ಬರುತ್ತಿತ್ತು. ನೀನು ಬಣ್ಣ ನೋಡುತ್ತಿದ್ದೆ, ನೊರೆ ಎಷ್ಟು ಹೊತ್ತು ನಿಲ್ಲುತ್ತದೆ ಎಂದು ಗಡಿಯಾರ ಹಿಡಿಯುತ್ತಿದ್ದೆ. ಮೂಸಿ ಹೇಳುವುದು ನನ್ನ ಕೆಲಸ. ನಿನ್ನದೊಂದೇ ಷರತ್ತು — ಕಣ್ಣು ಮುಚ್ಚಬೇಕು, ಮೊದಲು ಬಂದ ಮಾತು ಹೇಳಬೇಕು, ತಿದ್ದುವ ಹಾಗಿಲ್ಲ. ಹಲಸಿನ ತೊಳೆ, ಲವಂಗ, ಮಳೆಯಲ್ಲಿ ನೆನೆದು ಮಡಿಸಿಟ್ಟ ಕೊಡೆ, ಹೊಸ ಪಠ್ಯಪುಸ್ತಕ... ಏನು ಹೇಳಿದರೂ ನೀನು ನಗದೆ ಇನ್ನೂರು ಪುಟದ ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳುತ್ತಿದ್ದೆ. ಅಲ್ಲಿ ಬಿಯರ್ ಮಾಡುವ ಸೆಲ್ವಂ ಮಾತ್ರ ನಕ್ಕು, "ಕೊಡೇನಾ ಟೀಚರ್?" ಎಂದು ತಾನೂ ಮೂಸಿ ನೋಡಿ, "ಕರೆಕ್ಟೇ!" ಎನ್ನುತ್ತಿದ್ದ. ಬಿಯರ್ ಹಳತಾದರೆ ಒದ್ದೆ ರಟ್ಟಿನ ವಾಸನೆ ಬರುತ್ತದೆ ಎಂದು ನಮಗೆ ಕಲಿಸಿದವನೂ ಅವನೇ. ಅಷ್ಟು ವರ್ಷ ಕನ್ನಡ ಪಾಠ ಮಾಡಿದ್ದೇನೆ, ನನ್ನ ಮಾತನ್ನು ಅಷ್ಟು ಅಕ್ಕರೆಯಿಂದ ಬರೆದುಕೊಂಡ ವಿದ್ಯಾರ್ಥಿ ಇನ್ನೊಬ್ಬಳಿಲ್ಲ.

ಅಲ್ಲಿಂದ ಜೋಗುಪಾಳ್ಯದ ನಿನ್ನ ಮನೆಯ ತಾರಸಿ ಕೋಣೆಗೆ. ದೊಡ್ಡ ಪಾತ್ರೆಯಲ್ಲಿ ಬಾರ್ಲಿ ಕುದಿಯುವಾಗ ಕಿಟಕಿಯ ಗಾಜೆಲ್ಲ ಬೆವರುತ್ತಿತ್ತು. ರಾಗಿ ಸೇರಿಸೋಣ ಅಂದವಳು ನಾನು. ನಮ್ಮಮ್ಮ ಮೊಮ್ಮಕ್ಕಳ ರಾಗಿಸರಿಗೆ ಮಾಡುತ್ತಿದ್ದ ಹಾಗೆಯೇ ರಾಗಿ ನೆನೆಸಿ, ಬಿಳಿ ಪಂಚೆಯಲ್ಲಿ ಗಂಟು ಕಟ್ಟಿ, ಮೇಲೆ ಗುಂಡುಕಲ್ಲು ಹೇರಿ ಮೊಳಕೆ ಬರಿಸಿದೆವು. ಮೊದಲ ಸಲ ಸಕ್ಕರೆ ಹೆಚ್ಚಾಗಿ ಬಾಟಲಿ ಢಂ ಎಂದು ಸಿಡಿಯಿತು, ಕೆಳಗಿನ ಮನೆಯ ಸರೋಜಮ್ಮ ಸಿಲಿಂಡರ್ ಅಂದುಕೊಂಡು ಬೀದಿಗೆ ಓಡಿದರು. ಎರಡನೆಯದು ಹುಳಿಯಾಗಿ ಬಚ್ಚಲು ತೊಳೆಯೋಕೆ ಆಯಿತು. ಮೂರು, ನಾಲ್ಕು, ಐದು, ಆರು — ಕುಡಿಯುವಂತಿತ್ತು, ಅಷ್ಟೇ. ಅಷ್ಟರಲ್ಲಿ 'ಮಿಸ್' ಹೋಗಿ 'ಜಯಾ' ಆಗಿದ್ದೆ, 'ಜಯಾ' ಹೋಗಿ 'ಲೇ' ಆಗಿದ್ದೆ. ಮದುವೆಯಾದ ಮೇಲೆ ನನ್ನನ್ನು ಯಾರೂ ಲೇ ಎಂದಿರಲಿಲ್ಲ, ಗೌತಮಿ. ಅದು ನನಗೆ ಎಷ್ಟು ಬೇಕಾಗಿತ್ತು ಎಂದು ನಿನಗೆ ಯಾವತ್ತೂ ಹೇಳಲಿಲ್ಲ.

ಏಳನೆಯದು ಬಾಟಲಿಯಲ್ಲಿ ಕೂತಿದ್ದಾಗ ಸೆಲ್ವಂ ನಿನಗೆ ಫೋನ್ ಮಾಡಿದ. ಹೊಸದಾಗಿ ಶುರುವಾಗುವ ಬ್ರಾಂಚಿಗೆ ಅವನಿಗೆ ಬಿಯರ್ ಮಾಡುವವರೊಬ್ಬರು ಬೇಕಾಗಿದ್ದರು. ಭಾನುವಾರ ನಿನ್ನ ರಾಗಿ ಬಿಯರ್ ತಂದು ಮಾಲೀಕರಿಗೆ ಕೊಡು, ಅವರಿಗೆ ಹಿಡಿಸಿದರೆ ಶಾಲೆ ಬಿಟ್ಟು ಇಲ್ಲಿಗೇ ಬಾ ಎಂದ. ಸ್ಟಾಫ್ ರೂಮಿನ ಮೂಲೆಯಲ್ಲಿ ನೀನು ನನ್ನ ಎರಡೂ ಕೈ ಹಿಡಿದುಕೊಂಡೆ. "ನಾನ್ ಮಾಡಿದ್ ಬಿಯರ್ ಕಣೇ! ಮೂಗಿಲ್ದೇ ಇರೋಳು ಮಾಡಿದ್ದು!" ನಾನೂ ಕುಣಿದೆ, ನಿಜವಾಗಿಯೇ ಕುಣಿದೆ. ಕೆ.ಆರ್. ಪುರಕ್ಕೆ ಮೆಟ್ರೋದಲ್ಲಿ ನಿಂತು ಹೋಗುವಾಗ, ಬೈಯಪ್ಪನಹಳ್ಳಿ ದಾಟಿದ ಮೇಲೆ, ಆ 'ನಾನು' ಚುಚ್ಚತೊಡಗಿತು. ನಾನು ಮಾಡಿದ್ದು ಅಂದಳಲ್ಲ. ನಾವು ಅನ್ನಲಿಲ್ಲವಲ್ಲ.

ಹೊಟ್ಟೆಕಿಚ್ಚು ಎಂದು ಬರೆದು ಮುಗಿಸಬಹುದು. ಆದರೆ ಅದು ಅದಕ್ಕಿಂತ ಸಣ್ಣದು. ಅಲ್ಲಿ ನಿನಗೆ ಹತ್ತು ಮೂಗು ಸಿಗುತ್ತವೆ, ನನ್ನದು ಬೇಕಾಗುವುದಿಲ್ಲ, ನನ್ನ ಶನಿವಾರ ಹೋಗಿಬಿಡುತ್ತದೆ — ಇಷ್ಟೇ ಇದ್ದದ್ದು. ಇಷ್ಟಕ್ಕೇ ನಾನು...

ಆ ಶನಿವಾರ ತಾರಸಿಯಲ್ಲಿ ಒಳ್ಳೆ ಬಿಸಿಲಿತ್ತು. ನೀನು ಮೊದಲ ಬಾಟಲಿ ತೆರೆದು ಗ್ಲಾಸಿಗೆ ಸುರಿದೆ. ಕೆಂಪು ಬೆಲ್ಲದ ಬಣ್ಣ, ಮೇಲೆ ಬೆರಳೆತ್ತರ ನೊರೆ. ನಾನು ಕಣ್ಣು ಮುಚ್ಚಿ ಮೂಸಿದೆ. ಮೊದಲ ಮಾತು ಬಂತು — ಕೂಡಲೇ ಬಂತು, ನಾಲಿಗೆಯ ತುದಿಗೇ ಬಂತು. ಅದನ್ನು ನುಂಗಿಕೊಂಡೆ.

"ಒದ್ದೆ ರಟ್ಟು," ಎಂದೆ.

ನೀನು ಅದನ್ನು ನೋಟ್‌ಬುಕ್ಕಿನಲ್ಲಿ ಬರೆದುಕೊಂಡೆ. ಆಮೇಲೆ, "ಮೊದಲು ಬಂದ ಮಾತೇನೇ ಇದು?" ಎಂದು ಕೇಳಿದೆ.

"ಹೂಂ ಕಣೇ. ಗಾಳಿ ಸೇರ್ಕೊಂಡಿರ್ಬೇಕು. ಕೊಡೋಕಾಗಲ್ಲ ಇದನ್ನ."

ನೀನು ಸಕ್ಕರೆ ಅಳೆಯುವ ಗಾಜಿನ ಮೀಟರನ್ನು ಮತ್ತೆ ಅದ್ದಿ ನೋಡಿದೆ. ನೋಟ್‌ಬುಕ್ ತಿರುವಿದೆ. "ಮೀಟರ್ ಸರಿಯಾಗಿದೆ ಅಂತಿದೆ. ಆದ್ರೆ ಮೀಟರ್‌ಗೆ ಮೂಗಿಲ್ವಲ್ಲ," ಎಂದು ನಕ್ಕೆ. ನಿನ್ನ ವಿದ್ಯೆಗಿಂತ ನನ್ನ ಮೂಗನ್ನು ನಂಬಿದೆ. ಒಂದೊಂದೇ ಬಾಟಲಿ ತೆರೆದು ಮೋರಿಗೆ ಸುರಿಯುತ್ತ ಹೋದೆ. ನೊರೆ ಬಿಸಿ ಸಿಮೆಂಟಿನ ಮೇಲೆ ಹರಡಿ ತಾರಸಿಯೆಲ್ಲ ಘಮಘಮ, ಅದನ್ನು ಮೂಸುತ್ತ ನಿಂತವಳು ನಾನೊಬ್ಬಳೇ. ಅಷ್ಟರಲ್ಲಿ ಕೆಳಗಿನಿಂದ ಸರೋಜಮ್ಮ ಕೂಗಿದರು: "ಏನ್ ಟೀಚರಮ್ಮಾ, ಏನ್ ಹುರೀತಿದೀರಾ? ಘಮ್ ಅಂತಿದೆಯಲ್ಲ!"

ನಿನ್ನ ಕೈ ನಿಂತಿತು. ಎಂಟನೆಯದೋ ಒಂಬತ್ತನೆಯದೋ ಬಾಟಲಿ, ಅರ್ಧ ಖಾಲಿ. ನೀನು ನನ್ನ ಮುಖ ನೋಡಿದೆ. ದೇವರು ಇದ್ದರೆ ಸರೋಜಮ್ಮನ ಬಾಯಲ್ಲಿ ನನಗೊಂದು ಅವಕಾಶ ಕೊಟ್ಟಿದ್ದ. ಆಗಲೂ ಹೇಳಬಹುದಿತ್ತು, ತಮಾಷೆ ಮಾಡಿದೆ ಎಂದು ತೇಲಿಸಬಹುದಿತ್ತು. "ಮೂಲೆ ಬೇಕರಿಯಿಂದ ಬರ್ತಿರ್ಬೇಕು," ಎಂದುಬಿಟ್ಟೆ. ನೀನು ತಲೆಯಾಡಿಸಿ ಮತ್ತೆ ಸುರಿಯತೊಡಗಿದೆ. ಖಾಲಿ ಬಾಟಲಿ ತೊಳೆಯಲು ನೀನು ನಲ್ಲಿಯ ಕಡೆ ತಿರುಗಿದಾಗ ಇನ್ನೂ ತೆರೆಯದಿದ್ದ ಒಂದನ್ನು ನಾನು ವ್ಯಾನಿಟಿ ಬ್ಯಾಗಿಗೆ ಹಾಕಿಕೊಂಡೆ. ಯಾಕೆ ಎಂದು ಇವತ್ತಿಗೂ ಸರಿಯಾಗಿ ಗೊತ್ತಿಲ್ಲ. ಯಾವ ಲೆಕ್ಕವನ್ನೂ ತಪ್ಪಿಸದ ನೀನು ಅವತ್ತು ಬಾಟಲಿ ಎಣಿಸಲಿಲ್ಲ.

ನೀನು ಸೆಲ್ವಂಗೆ ಫೋನ್ ಮಾಡಿ ಆಗುವುದಿಲ್ಲ ಎಂದೆ. ಮತ್ತೆ ಮಾಡೋಣ, ಇನ್ನೊಂದು ಸಲ ಒಲೆ ಹಚ್ಚೋಣ ಎಂದು ನಾನೇ ಪೀಡಿಸಿದೆ — ಎಂಥ ನಾಚಿಕೆಗೆಟ್ಟವಳು! "ಬೇಡ ಬಿಡೇ. ಮೂಗಿಲ್ದೋಳಿಗೆ ಯಾಕೆ ಈ ಹುಚ್ಚು," ಎಂದೆ ನೀನು. ಆ ಮಾತು ನನ್ನ ಕಿವಿಯಿಂದ ಹೋಗಿಲ್ಲ. ನಿನಗೆ ಯಾವುದು ಸಾಧ್ಯವಾಗಿತ್ತೋ ಅದು ನಿನಗೆ ಸಾಧ್ಯವೇ ಇಲ್ಲ ಎಂದು ನಾನು ನಂಬಿಸಿಬಿಟ್ಟಿದ್ದೆ. ನೀನು ಪಾತ್ರೆಯನ್ನು ಸರೋಜಮ್ಮನಿಗೆ ಕೊಟ್ಟೆ, ನೋಟ್‌ಬುಕ್ ನನಗೆ ಕೊಟ್ಟೆ. ಆ ವರ್ಷದ ಕೊನೆಗೆ ಶಾಲೆ ಬಿಟ್ಟು ಹುಬ್ಬಳ್ಳಿಗೆ, ತಂಗಿಯ ಊರಿಗೆ ಹೊರಟುಹೋದೆ. ಯಾವ ಶನಿವಾರವನ್ನು ಉಳಿಸಿಕೊಳ್ಳಲು ನಾನು ಅಷ್ಟು ಮಾಡಿದೆನೋ ಅದೇ ಉಳಿಯಲಿಲ್ಲ.

ಈಗಲೂ ಶನಿವಾರ ಮೂರು ಗಂಟೆಗೆ ನನಗೆ ಸುಮ್ಮನೆ ಕೂರುವುದಾಗುವುದಿಲ್ಲ. ಒಂದೆರಡು ಸಲ ಒಬ್ಬಳೇ ಆ ಪಬ್ಬಿನ ಮೆಟ್ಟಿಲವರೆಗೆ ಹೋಗಿ ಬಂದಿದ್ದೇನೆ. ಮನೆಯಲ್ಲಿ ಸೊಪ್ಪು ಸೋಸುತ್ತ, ಸೀಗೆಪುಡಿ ಕಲಸುತ್ತ, ಏನು ಮೂಸಿದರೂ ಒಂದು ಮಾತು ಬರುತ್ತದೆ, ಬರೆದುಕೊಳ್ಳುವವರಿಲ್ಲ.

ಮೊನ್ನೆ ನಿನ್ನ ಮೆಸೇಜ್ ಬಂತು. "ಲೇ, ಇವತ್ತು ಬೆಳಗ್ಗೆ ಕಾಫಿ ವಾಸನೆ ಬಂತು ಕಣೇ! ನಿಂಗೇ ಮೊದಲು ಹೇಳ್ತಿರೋದು. ಮುಂದಿನ ಶನಿವಾರ ಬರ್ತೀನಿ, ಏನಾದ್ರೂ ಮೂಸೋಕೆ ಕೊಡು." ಓದಿ ಅಡುಗೆಮನೆಯಲ್ಲಿ ನಿಂತೇ ಅತ್ತೆ. ಸಂತೋಷಕ್ಕೆ ಅತ್ತದ್ದು ನಿಜ. ಅದರ ಜೊತೆಗೇ ಇನ್ನೊಂದು ಯೋಚನೆ ಬಂದದ್ದೂ ನಿಜ, ಅದನ್ನೂ ಬಚ್ಚಿಡುವುದಿಲ್ಲ. ಬೀರುವಿನಲ್ಲಿ ಸೀರೆಗಳ ಹಿಂದೆ ಆ ಬಾಟಲಿ ಇನ್ನೂ ಇದೆ. ಇಷ್ಟು ವರ್ಷಕ್ಕೆ ಅದು ಹಳತಾಗಿದೆ. ನೀನು ಬಂದಾಗ ಅದನ್ನು ತೆರೆದು ನಿನ್ನ ಮೂಗಿಗೆ ಹಿಡಿದರೆ ಒದ್ದೆ ರಟ್ಟಿನ ವಾಸನೆಯೇ ಬರುತ್ತದೆ. ನಾನು ಹೇಳಿದ್ದೇ ಸರಿ ಎಂದಾಗುತ್ತದೆ, ನೀನು ನನ್ನ ಬೆನ್ನು ತಟ್ಟುತ್ತೀಯ, ನಾನು ಬಾಯಿ ಬಿಡಬೇಕಾಗಿಯೇ ಇಲ್ಲ. ಒಂದು ಇಡೀ ದಿನ ನಾನು ಹಾಗೇ ಮಾಡುವುದೆಂದುಕೊಂಡಿದ್ದೆ.

ಅದಕ್ಕೇ ಈ ಕಾಗದ ನಿನಗಿಂತ ಮೊದಲು ಹೊರಡುತ್ತಿದೆ. ನೀನು ರೈಲು ಹತ್ತುವ ಮುಂಚೆ ಇದು ನಿನ್ನ ಕೈಗೆ ಸಿಗಬೇಕು. ಓದಿದ ಮೇಲೆ ಟಿಕೆಟ್ ಕ್ಯಾನ್ಸಲ್ ಮಾಡಿದರೆ ನಾನು ಫೋನ್ ಮಾಡಿ ಯಾಕೆ ಎಂದು ಕೇಳುವುದಿಲ್ಲ. ಶನಿವಾರ ಬೈಯಪ್ಪನಹಳ್ಳಿ ಟರ್ಮಿನಲ್ಲಿನಲ್ಲಿ ಮಾತ್ರ ನಾನು ಇರುತ್ತೇನೆ. ಮನೆಯಲ್ಲಿ ಸ್ಪೆಷಲ್ ಕ್ಲಾಸ್ ಎಂದು ಹೇಳುವುದಿಲ್ಲ, ಎಲ್ಲಿಗೆ, ಯಾರಿಗೆ ಕಾಯಲು ಎಂದು ಅತ್ತೆಗೆ ಹೇಳಿಯೇ ಹೊರಡುತ್ತೇನೆ. ಬಾಟಲಿ ತರುವುದಿಲ್ಲ, ಅದು ಇನ್ನು ಸಾಕ್ಷಿ ಹೇಳುವುದು ನನ್ನ ಪರವಾಗಿಯೇ. ನೋಟ್‌ಬುಕ್ ತರುತ್ತೇನೆ.

ಅದರಲ್ಲಿ ಏಳನೆಯದರ ಪುಟದಲ್ಲಿ ನಿನ್ನ ಕೈಬರಹದಲ್ಲಿ 'ಒದ್ದೆ ರಟ್ಟು' ಎಂದಿದೆ. ಅದನ್ನು ನಾನು ಹೊಡೆದುಹಾಕಿಲ್ಲ, ಹಾಗೇ ಇರಲಿ. ಅದರ ಕೆಳಗೆ, ಅವತ್ತು ಕಣ್ಣು ಮುಚ್ಚಿದಾಗ ಮೊದಲು ಬಂದಿದ್ದನ್ನು ನಿನ್ನೆ ಬರೆದೆ: ಅಪ್ಪ ಹೊಲದ ಬದುವಿನಲ್ಲಿ ಕೂತು, ಎಳೆ ರಾಗಿ ತೆನೆ ಸುಟ್ಟು, ಅಂಗೈಯಲ್ಲಿ ಉಜ್ಜಿ, ಉಫ್ ಎಂದು ಊದಿ, ನನ್ನ ಬಾಯಿಗೆ ಹಾಕಿದ್ದು.